ಬೊಂಡಾಸಿನ ಮಸಿ

ಸಂಬಳವಿಲ್ಲದೆ ಮಕ್ಕಳಿಗೆ ಪಾಠ ಹೇಳಲಿಕ್ಕೆ ವಿಮಾನ ಹತ್ತಿ ಬರುವವರಿದ್ದಾರೆಂದು ನಾನು ನಂಬಿರಲಿಲ್ಲ. ಹಾಗೆ ಬಂದ ಪರದೇಶದ ಹುಡುಗಿಯೊಬ್ಬಳು ಕಾಪುವಿನ ನಮ್ಮ ಮನೆಯ ಹೊರಕೋಣೆಯಲ್ಲಿ ಉಳಿದಳು. ಕನ್ನಡ ಅಷ್ಟಿಷ್ಟು ಕಲಿತಳು, ಕುಚ್ಚಲಕ್ಕಿ ಗಂಜಿ ಉಣ್ಣಲಿಕ್ಕೂ ಕಲಿತಳು.

ಪಾಠ ಮಾತ್ರ ಸರಿಹೋಗಲಿಲ್ಲ. ಹತ್ತಿರದ ಶಾಲೆಯಲ್ಲಿ ಅವಳು ವಿಜ್ಞಾನದ ಚಿತ್ರ ತೋರಿಸಿದರೆ ಮಕ್ಕಳು ಆಕಳಿಸುತ್ತಿದ್ದವು. ಈ ಶನಿವಾರವೂ ಹೀಗೇ ಆದರೆ ಆ ಪೀರಿಯಡ್ಡು ಲೆಕ್ಕದ ಪಾಠಕ್ಕೆ ಹೋಗುತ್ತದೆ ಎಂದು ಮಾಸ್ಟ್ರು ಹೇಳಿಬಿಟ್ಟಿದ್ದರು.

ಶುಕ್ರವಾರ ಹುಡುಗಿ ಬಂದು, "ಅಜ್ಜಿ, ನಾಳೆ ಬೊಂಡಾಸ್ ಬೇಕು" ಎಂದಳು. ಎಲುಬಿಲ್ಲದ, ಬಾಯಿಯ ಸುತ್ತ ಕಾಲಿರುವ ಸಮುದ್ರದ ಪ್ರಾಣಿ ಅದು, ಇಂಗ್ಲಿಷಿನಲ್ಲಿ ಸ್ಕ್ವಿಡ್ ಅಂತೆ.

"ಸುಕ್ಕ ಮಾಡ್ಲಿಕ್ಕಾ?"

"ಅಲ್ಲ, ಪಾಠ ಮಾಡ್ಲಿಕ್ಕೆ. ಮಕ್ಕಳಿಗೆ ಖುಷಿ ಆಗ್ತದೆ."

"ಮೀನುಗಾರರ ಮಕ್ಕಳಿಗೆ ಬೊಂಡಾಸ್ ತೋರಿಸ್ಲಿಕ್ಕೆ ನೀನು ಸಮುದ್ರ ದಾಟಿ ಬಂದದ್ದಾ ಮಾರಾಯ್ತಿ!"

ಆದರೂ ಬೆಳಿಗ್ಗೆ ಮಲ್ಪೆಯಿಂದ ಬರುವ ಮೀನಿನವಳ ಬುಟ್ಟಿಯಿಂದ ತೆಗೆದುಕೊಂಡೆ. ಬೊಂಡಾಸನ್ನು ತಂದ ಹಾಗೇ ಇಡುವವರು ನಮ್ಮಲ್ಲಿಲ್ಲ. ತಲೆ ಎಳೆದೆ, ಮಸಿಯ ಕರಿ ಚೀಲ ಕಿತ್ತೆ, ಬೆನ್ನೊಳಗಿನ ಗಾಜಿನಂಥ ಕಡ್ಡಿ ತೆಗೆದೆ, ಸಿಪ್ಪೆ ಸುಲಿದು ಬೆಳ್ಳಗೆ ತೊಳೆದಿಟ್ಟೆ.

ಹುಡುಗಿ ಪಾತ್ರೆಯ ಮುಚ್ಚಳ ತೆಗೆದವಳು ಹಾಗೇ ನಿಂತಳು.

"ಮಸಿ ಎಲ್ಲಿ ಅಜ್ಜಿ?"

"ತೆಂಗಿನ ಬುಡದಲ್ಲಿ."

"ಪೆನ್ನು?"

"ಎಂತ ಪೆನ್ನು?"

"ಹೃದಯ? ಅದಕ್ಕೆ ಮೂರು ಹೃದಯ ಉಂಟು!"

ಮದುವೆಯಾಗಿ ಬಂದಂದಿನಿಂದ ಇದನ್ನು ಕೊಯ್ಯುತ್ತಿದ್ದೇನೆ, ಒಂದು ಹೃದಯವನ್ನೂ ಕಂಡವಳಲ್ಲ. ಅವಳ ಮುಖ ತೊಳೆದ ಬೊಂಡಾಸಿನ ಬಣ್ಣಕ್ಕೆ ತಿರುಗಿತ್ತು. ಅಳುತ್ತಾಳೆಂದು ಹೆದರಿ ಗದರಿಸಿದೆ: "ಅತ್ತರೆ ಮಸಿ ಬರ್ತದಾ? ನಡಿ."

ಮೀನಿನವಳು ಇನ್ನೂ ರಸ್ತೆಯ ತಿರುವಿನಲ್ಲೇ ಕೂತಿದ್ದಳು. ಉಳಿದಿದ್ದ ನಾಲ್ಕಾರು ಬೊಂಡಾಸನ್ನು ಕೊಡುವ ಮೊದಲು, "ಕ್ಲೀನ್ ಮಾಡಿ ಕೊಡ್ತೇನೆ ಅಕ್ಕಾ" ಎಂದು ಕತ್ತಿ ಎತ್ತಿದಳು. ನಾವಿಬ್ಬರೂ ಒಟ್ಟಿಗೇ ಬೊಬ್ಬೆ ಹಾಕಿದೆವು. ಪಾಪ, ಅವಳ ಕೈಯಿಂದ ಕತ್ತಿ ಬಿತ್ತು.

ಪಾತ್ರೆ ಹಿಡಿದು ನಾನೂ ಶಾಲೆಗೆ ಹೋದೆ. ಹುಡುಗಿ ಕತ್ತರಿಯಿಂದ ಹೊಟ್ಟೆ ಸೀಳಿ ಮೂರು ಪುಟ್ಟ ಗಂಟುಗಳನ್ನು ತೋರಿಸಿದಳು. ಹೃದಯವಂತೆ. ಆಮೇಲೆ ಬೆನ್ನೊಳಗಿನ ಕಡ್ಡಿ ಎಳೆದಳು, ಅದೇ ಪೆನ್ನಂತೆ. ಕರಿ ಚೀಲ ಒಡೆದಳು, ಕಡ್ಡಿಯನ್ನು ಆ ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಗೀಚಿದಳು. ಅಕ್ಷರ ಮೂಡಿತು!

ಮಕ್ಕಳು ಬೆಂಚು ಹತ್ತಿದವು. "ಟೀಚರ್, ನಂಗೆ! ನಂಗೆ!" ಮೂಗು ಮುಚ್ಚಿಕೊಂಡೇ ಬಂದ ಮಾಸ್ಟ್ರು ತಾವೂ ಒಂದು ಗೆರೆ ಎಳೆದು, "ಮುಂದಿನ ಶನಿವಾರ ಎಂತ ತರ್ತೀರಿ?" ಎಂದರು.

ನಾನು ಬೆಂಚು ಹಿಡಿದು ನಿಂತಿದ್ದೆ. ಪೆನ್ನನ್ನೂ ಮಸಿಯನ್ನೂ ಮೈಯೊಳಗೇ ಇಟ್ಟುಕೊಂಡು ಈಜುವ ಪ್ರಾಣಿಯನ್ನು ಇಷ್ಟು ವರ್ಷ ಮಸಾಲೆ ಹಾಕಿ ತಿಂದಿದ್ದೆನಲ್ಲ! ಹುಡುಗಿ ಕಡ್ಡಿಯನ್ನು ನನ್ನ ಕೈಗೂ ಕೊಟ್ಟಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಹೆಸರು ಬರೆದೆ. ಸೊಟ್ಟಗೆ ಬಂತು, ಆದರೆ ಓದಲಿಕ್ಕಾಗುತ್ತಿತ್ತು.

ಈಗಲೂ ಬೊಂಡಾಸ್ ಕೊಯ್ಯುವಾಗ ಆ ಚೀಲ ಸಿಕ್ಕಿದರೆ ಕೈ ಸ್ವಲ್ಪ ನಿಲ್ಲುತ್ತದೆ. ಆಮೇಲೆ ತೆಂಗಿನ ಬುಡಕ್ಕೆ ಎಸೆಯುತ್ತೇನೆ. ಇಟ್ಟರೆ ನಾರುತ್ತದೆ.