ಸುಂದರಾಳ ಹೊಟ್ಟೆನೋವು

ಬೇಡಕಿಹಾಳದ ಸುಂದರಾ ಊಟಕ್ಕೆ ಹೆದರತೊಡಗಿ ವರ್ಷದ ಮೇಲಾಗಿತ್ತು. ಉಂಡ ಸ್ವಲ್ಪ ಹೊತ್ತಿಗೆ ಮೇಲ್ಹೊಟ್ಟೆಯಲ್ಲಿ ಎದ್ದ ನೋವು ಬೆನ್ನಿಗೆ ಹಾಯುತ್ತಿತ್ತು. ಎಮ್ಮೆ ಹಿಂಡುವಾಗ ಬಂದರೆ ಚರಿಗೆ ಬದಿಗಿಟ್ಟು, ಮುಂದಕ್ಕೆ ಬಾಗಿ, ಹೊಟ್ಟೆ ಒತ್ತಿಕೊಂಡು ಕೂತುಬಿಡುತ್ತಿದ್ದಳು.

ಮೊದಲ ಸಲ ನೋವು ಬಂದಾಗ ಗಂಡ ಭರತ ಅವಳನ್ನು ಚಿಕ್ಕೋಡಿಯ ಆಸ್ಪತ್ರೆಗೆ ಸೇರಿಸಿದ್ದ. ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಕಿಣ್ವಗಳು ವಿಪರೀತ ಏರಿದ್ದವು. ಮೇದೋಜೀರಕ ಗ್ರಂಥಿಗೆ ಬಾವು ಬಂದಿದೆ ಎಂದು ಸಲಾಯಿನ್ ಹಚ್ಚಿ ಮಲಗಿಸಿಕೊಂಡಿದ್ದರು. ಅಂಥ ಬಾವು ಹೆಚ್ಚಾಗಿ ಕುಡಿಯುವವರಿಗೆ ಬರುವುದರಿಂದ ಅಲ್ಲಿನ ಡಾಕ್ಟರು, "ಕುಡಿಯೂ ರೂಢಿ ಐತೇನ?" ಎಂದು ಕೇಳಿದಾಗ ಸೊಸೆಗಿಂತ ಮೊದಲು ಅತ್ತೆ ತಾರವ್ವನೇ ಸಿಟ್ಟಿಗೆದ್ದಿದ್ದಳು.

ಆಮೇಲೂ ನೋವು ಬಂದು ಹೋಗಿ ಮಾಡುತ್ತಲೇ ಇತ್ತು. ಈ ಬೇಸಿಗೆಯಲ್ಲಿ ಜೋರಾದಾಗ ಊರ ಹತ್ತಿರದ ದವಾಖಾನೆಯಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಎರಡೂ ಕಿಣ್ವಗಳು ನಾರ್ಮಲ್ ಬಂದವು.

"ರಕ್ತದಾಗ ಏನೂ ಇಲ್ಲಂತ. ಮತ್ತ ನೋವ ಎಲ್ಲಿಂದ ಬರತೈತಿ ಬೇ?" ಎಂದಳು ತಾರವ್ವ. "ಕೆಲಸದ ಹೊತ್ತಿಗೇ ಬರತೈತಿ ನೋಡ ಅದು."

ಭರತ ರಕ್ತದ ರಿಪೋರ್ಟು ಮಡಚಿಟ್ಟು ಹೊರಗೆ ನಡೆದ. ಅತ್ತೆಯ ಮಾತಿಗಿಂತ ಅದೇ ಸುಂದರಾಳಿಗೆ ಹೆಚ್ಚು ಚುಚ್ಚಿತು. ಅಂದಿನಿಂದ ಅವಳು ನೋವನ್ನು ಮುಚ್ಚಿಟ್ಟಳು. ಅರ್ಧ ರೊಟ್ಟಿಗೇ ಏಳುತ್ತಿದ್ದಳು. ಕುಪ್ಪಸ ಸಡಿಲಾಯಿತು. ಸಂಡಾಸಿಗೆ ಹೋದರೆ ಮಲ ಎಣ್ಣೆಯಂತೆ ತೇಲುವುದನ್ನು ಕಂಡು ಹೆದರಿದಳು. ಯಾರಿಗೂ ಹೇಳಲಿಲ್ಲ. ಒಂದು ದಿನ ತವರಿಗೆ ಹೋಗುವುದಾಗಿ ಹೇಳಿ, ಒಬ್ಬಳೇ ಚಿಕ್ಕೋಡಿ ಬಸ್ಸು ಹತ್ತಿದಳು.

ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ಗ್ರಂಥಿ ಸೊರಗಿ ಚಿಕ್ಕದಾಗಿತ್ತು, ಅದರ ನಾಳದಲ್ಲಿ ಹರಳು ಕೂತಿದ್ದವು.

"ಮೊದಲ ಸಲ ಗ್ರಂಥಿ ಬಾತಿತ್ತು, ಕಿಣ್ವ ರಕ್ತಕ್ಕ ಸೋರಿದ್ವು. ಈಗ ಗ್ರಂಥಿನೇ ಹಾಳಾಗಾಕತ್ತೈತಿ. ಸೋರಾಕ ಉಳಿದದ್ದ ಕಡಿಮಿ. ಅದಕ್ಕ ನಾರ್ಮಲ್ ಕಾಣತೈತಿ."

"ಹಂಗಾರ ನಂದು ಸುಳ್ಳ ನೋವಲ್ಲ, ಹೌದಲ್ರಿ?"

"ಖರೇನೇ ಐತಿ ತಂಗಿ."

ಸುಂದರಾ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಸಮಾಧಾನವಾಗಿ ಮತ್ತೆ ಕೇಳಿದಳು, "ಮೊದಲಿನಂಗ ಆಗತೈತೇನ್ರಿ?"

ಡಾಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದರು.

ಸುಂದರಾ ಮನೆಗೆ ಬಂದು ಸ್ಕ್ಯಾನಿನ ಕಾಗದ ಗಂಡ, ಅತ್ತೆಯ ಮುಂದಿಟ್ಟಳು. ಬೆಳಗಾವಿಗೆ ಕರೆದೊಯ್ದು ಹರಳು ತೆಗೆಸಿದರು. ಊಟದ ಜೊತೆ ನುಂಗಲು ಕಿಣ್ವದ ಗುಳಿಗೆ ಬಂದವು, ಇನ್ಸುಲಿನ್ ಮಾಡುವುದೂ ಅದೇ ಗ್ರಂಥಿಯಾದ್ದರಿಂದ ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು. ತಾರವ್ವ ಈಗ ಎಮ್ಮೆಯ ಹತ್ತಿರ ಸೊಸೆಯನ್ನು ಬಿಡುವುದಿಲ್ಲ. ಭರತ ದಿನವೂ, "ಹೆಂಗೈತಿ ಹೊಟ್ಟಿ?" ಎನ್ನುತ್ತಾನೆ.

"ಆರಾಮ ಐತಿ," ಎನ್ನುತ್ತಾಳೆ ಸುಂದರಾ, ನೋವಿದ್ದ ದಿನವೂ.