ಹೆಣ್ಣು ನೋಡಲು ಬಂದವನು ಬಿಚ್ಚಿದ ಸೆನ್ಸರ್

ನಮ್ಮಪ್ಪ ಆ ಹುಡುಗನನ್ನು ಮನೆಗೆ ಕರೆಸಿದ್ದು ನನ್ನನ್ನು ತೋರಿಸಲಿಕ್ಕಲ್ಲ, ಕಾರು ತೋರಿಸಲಿಕ್ಕೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಂದವರಿಗೆಲ್ಲ ಕೇಸರಿಬಾತು ಹಂಚಿಯಾಗಿತ್ತು.

ವರ್ತೂರಿನಲ್ಲಿ ನಮ್ಮದು ಹಳೇ ಮನೆತನ. ಹೊಲವಿದ್ದ ಕಡೆ ಬಾಡಿಗೆ ಮನೆಗಳು ಎದ್ದ ಮೇಲೆ ಅಪ್ಪನಿಗೆ ಉಳಿದದ್ದು ಬಾಡಿಗೆಯವರನ್ನು ಗದರಿಸುವ ಕೆಲಸ, ಕಾರು ಒರೆಸುವ ಕೆಲಸ. ಆ ಕಾರಿನ ಎಂಜಿನ್ ದೀಪ ಹತ್ತಿಕೊಂಡದ್ದು ಆರುತ್ತಲೇ ಇರಲಿಲ್ಲ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ, ತುಕ್ಕು ಹಿಡಿದು ಕಚ್ಚಿಕೊಂಡಿದೆ, ಬಲವಂತ ಮಾಡಿದರೆ ಪೈಪೇ ಹಾಳಾಗುತ್ತದೆ ಎಂದು ವೈಟ್‌ಫೀಲ್ಡಿನ ಗ್ಯಾರೇಜಿನವರು ಕೈಚೆಲ್ಲಿದ್ದರು. ಅದೇ ಹೊತ್ತಿಗೆ ಸೋದರತ್ತೆ ಒಂದು ಜಾತಕ ತಂದರು. ಹುಡುಗನಿಗೆ ಬೊಮ್ಮನಹಳ್ಳಿಯಲ್ಲಿ ಸ್ವಂತ ಗ್ಯಾರೇಜು. ಬಂದ ಸಂಬಂಧಗಳನ್ನೆಲ್ಲ ಮೂಗು ಮುರಿದು ಕಳಿಸುತ್ತಿದ್ದ ಅಪ್ಪ ಈ ಸಲ ತಕ್ಷಣ ಒಪ್ಪಿದ.

ತಿಂಡಿ ಮುಗಿಯುತ್ತಲೇ ಅಪ್ಪ ಶುರು ಮಾಡಿದ. "ಏನಪ್ಪಾ, ನಮ್ ಗಾಡಿ ಒಸಿ ನೋಡ್ಬಾರ್ದಾ?"

ಹುಡುಗನ ತಾಯಿಯ ಮುಖ ಸಣ್ಣದಾಯಿತು. ಹುಡುಗ ಬಿಳಿ ಅಂಗಿಯ ತೋಳು ಮಡಚಿ ಎದ್ದ. ಅಪ್ಪ ಡ್ಯಾಶ್‌ಬೋರ್ಡಿನಿಂದ ಹೊಸ ಸೆನ್ಸರಿನ ಡಬ್ಬಿ ತೆಗೆದುಕೊಟ್ಟಾಗ ನನಗೆ ಎಲ್ಲ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು.

ಹುಡುಗ ಎಂಜಿನ್ ಚಾಲೂ ಮಾಡಿದ. "ಪೈಪ್ ಕಾಯ್ಬೇಕು ಅಂಕಲ್. ತಣ್ಣಗಿದ್ದಾಗ ತಿರುಗ್ಸಿದ್ರೆ ತಿರುಪಿನ ಥ್ರೆಡ್ ಹೋಗುತ್ತೆ."

"ಸರಿ ಬಿಡು, ಅಲ್ಲೀಗಂಟ ಉಡ್ಗ ಉಡ್ಗಿ ಮಾತಾಡ್ಕಳ್ಳಿ," ಎಂದ ಅಪ್ಪ.

ನಮ್ಮ ಮಾತುಕತೆ ನಡೆದದ್ದು ಹೀಗೆ, ಗುರುಗುಟ್ಟುವ ಕಾರಿನ ಪಕ್ಕ ನಿಂತು. ಏನು ಕೇಳಬೇಕೆಂದು ತೋಚದೆ ಹೊಸ ಸೆನ್ಸರಿನ ಥ್ರೆಡ್ಡಿಗೆ ಮೆತ್ತಿದ್ದೇನು ಎಂದು ಕೇಳಿದೆ.

"ಪೇಸ್ಟು. ಇದಿಲ್ದೆ ಹಾಕಿದ್ರೆ ಆಮೇಲೆ ಬಿಚ್ಚೋಕಾಗಲ್ಲ, ಪೈಪ್ ಕತ್ತರಿಸ್ಬೇಕಾಗುತ್ತೆ." ಆಮೇಲೆ ದನಿ ತಗ್ಗಿಸಿ, "ನಿಮಗೆ ಒಪ್ಪಿಗೆ ಇದ್ಯಾ?" ಎಂದ.

"ಇದೆ," ಎಂದೆ. ನನ್ನನ್ನು ಅದುವರೆಗೆ ಯಾವ ಗಂಡೂ ಆ ಮಾತು ಕೇಳಿರಲಿಲ್ಲ. ಇವನೇ ಆಗಲಿ ಎಂದು ಆಗಲೇ ತೀರ್ಮಾನಿಸಿದ್ದೆ. ಒಬ್ಬರಿಗೊಬ್ಬರು ಫೋನ್ ನಂಬರನ್ನೂ ಕೊಟ್ಟೆವು.

ಪೈಪ್ ಕಾದ ಮೇಲೆ ಕಾರಿಗೆ ಜಾಕ್ ಹಾಕಿ, ಉರುಳದಂತೆ ಚಕ್ರಕ್ಕೆ ಸೈಜುಗಲ್ಲು ಕೊಟ್ಟು, ಅವನು ಕೆಳಗೆ ನುಸುಳಿದ. ಎಣ್ಣೆ ಹೊಡೆದು, ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಮತ್ತೆ ಎಣ್ಣೆ ಹೊಡೆದು ತಿರುಗಿಸುತ್ತಿದ್ದ. ಮುಂಗೈ ಪೈಪಿಗೆ ತಾಗಿ ಚುರ್ರೆಂದದ್ದು ನನಗೂ ಕೇಳಿಸಿತು. ಕೊನೆಗೆ ಸೆನ್ಸರ್ ಕಿರುಗುಟ್ಟುತ್ತ ಹೊರಗೆ ಬಂತು.

ಕೈ ತೊಳೆಯಲು ಅವನು ಮನೆಯತ್ತ ಬಂದ. ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಒಳಗ್ ಬ್ಯಾಡ. ಅಲ್ಲಿ ಬಾಡಿಗೆಯೋರ ನಲ್ಲಿ ಐತೆ."

ಆಮೇಲೆ ಎಲ್ಲರಿಗೂ ಕೇಳುವಂತೆ ಅವನ ತಾಯಿಗೆ ಹೇಳಿದ. "ಒಳ್ಳೆ ಕೆಲ್ಸಗಾರ ಕಣಮ್ಮ ನಿಮ್ ಮಗ. ಆದ್ರೆ ಇಂತಾ ಕೈಗೆ ಮಗ್ಳನ್ನ ಎಂಗ್ ಧಾರೆ ಎರೀಲಿ? ಒಸದು ಹಾಕ್ಬುಟ್ಟು ಒರಡಿ."

ನಮ್ಮ ಚಿಕ್ಕಪ್ಪಂದಿರು ಕಿಸಕ್ಕೆಂದರು. ಆ ತಾಯಿ ಮಗನ ತೋಳು ಹಿಡಿದು, "ಬಾರೋ, ಹೋಗೋಣ," ಎಂದರು.

"ಅರ್ಧಕ್ಕೆ ಬಿಟ್ಟು ಬರಬಾರ್ದಮ್ಮ," ಎಂದು ಅವನು ಹೊಸ ಸೆನ್ಸರ್ ಎತ್ತಿಕೊಂಡ. ಬಟ್ಟೆ ತೆಗೆದು ಪೇಸ್ಟನ್ನು ಒಂದಿಷ್ಟೂ ಉಳಿಯದಂತೆ ನಿಧಾನವಾಗಿ ಒರೆಸಿದ. ಒರೆಸುತ್ತ, ಅಷ್ಟರಲ್ಲಿ ಒಳಗೆ ಹೋಗಿ ಕಿಟಕಿಯಲ್ಲಿ ನಿಂತಿದ್ದ ನನ್ನನ್ನು ನೋಡಿದ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವತ್ತಿಡೀ ದಿನದಲ್ಲಿ ನನಗೆ ಖುಷಿಯಾದದ್ದು ಆಗ ಮಾತ್ರ. ಅವನು ಕಾರಿನಡಿ ಮಲಗಿ ಮೈಯ ಬಲವನ್ನೆಲ್ಲ ಹಾಕಿ ಬಿಗಿದ.

"ಇನ್ನು ಅಳ್ಳಾಡಲ್ಲ ಅಂಕಲ್."

"ಅಂಗಿರ್ಬೇಕು ಕೆಲ್ಸ," ಎಂದ ಅಪ್ಪ.

ಅವನು ಅತ್ತಿಬೆಲೆಯ ಹುಡುಗಿಯನ್ನು ಮದುವೆಯಾದ. ನನಗೆ ಆಮೇಲೆ ಬಂದ ಸಂಬಂಧಗಳಿಗೂ ಅಪ್ಪ ಒಂದೊಂದು ಕೊಂಕು ತೆಗೆದ. ಕ್ರಮೇಣ ಬರುವುದೇ ನಿಂತಿತು. ನಾನು ಈ ಮನೆಯಲ್ಲೇ ಇದ್ದೇನೆ.

ಕಳೆದ ತಿಂಗಳು ಕಾರಿನ ದೀಪ ಮತ್ತೆ ಹತ್ತಿಕೊಂಡಿತು. ಸೆನ್ಸರ್ ಬಿಚ್ಚಲಾಗುವುದಿಲ್ಲ, ಪೈಪ್ ಕತ್ತರಿಸಬೇಕು ಎಂದು ಹೋದ ಕಡೆಯಲ್ಲೆಲ್ಲ ಹೇಳಿದರಂತೆ. ಅಪ್ಪ ಬಂದು ಸೋಫಾದಲ್ಲಿ ಕುಕ್ಕರಿಸಿದ.

"ಆ ಬೊಮ್ಮನಳ್ಳಿ ಉಡ್ಗನ್ ನಂಬರ್ ಐತಾ ನಿನ್ತಾವ?"

"ಐತೆ," ಎಂದೆ.

ಅಪ್ಪ ತನ್ನ ಫೋನು ಮುಂದೆ ಚಾಚಿ ಕಾದ. ನಾನು ಎದ್ದು ಹೋಗಿ ಅನ್ನಕ್ಕಿಟ್ಟೆ.