ನಕ್ಷೆಗೊಂದು ತಪ್ಪು

ಟಾಂಗಾ ಎಂಬ ಕಡಲತೀರದ ಊರಿನ ಹನ್ನೆರಡನೆಯ ಬೀದಿಯಲ್ಲಿ ಹಳೆಯ ರೇಡಿಯೋ ಕೆಟ್ಟರೆ ಎರಡೇ ದಾರಿ. ಒಂದು, ಒಳಗಿನದ್ದನ್ನೆಲ್ಲ ಕಿತ್ತು ಅದನ್ನು ಕೋಳಿಗೂಡು ಮಾಡಿಕೊಳ್ಳುವುದು. ಇನ್ನೊಂದು, ಶೆಕುವೆ ಅಜ್ಜನ ಜಗಲಿಗೆ ಹೋಗುವುದು. ಕೋಳಿಗೂಡಿನಿಂದ ಪ್ರಯೋಜನ ಬೇಗ ಸಿಗುತ್ತಿತ್ತು.

ಅಜ್ಜ ರಿಪೇರಿಯವನಲ್ಲ. ಬೆಸುಗೆ ಕಡ್ಡಿ ಹಿಡಿದರೆ ಕೈ ಸುಟ್ಟುಕೊಳ್ಳುವ ಪೈಕಿ. ರೇಡಿಯೋ ಜೋಡಿಸುವ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ಆ ಕಾರ್ಖಾನೆ ಮುಚ್ಚಿದ ದಿನ ಉಳಿದವರು ಫ್ಯಾನು, ಕುರ್ಚಿ ಹೊತ್ತುಕೊಂಡು ಹೋದರು. ಒಬ್ಬ ಮಹಾನುಭಾವ ಕಕ್ಕಸಿನ ಬಾಗಿಲನ್ನೇ ಕಿತ್ತುಕೊಂಡು ಹೋದ. ಅಜ್ಜ ಹೊತ್ತು ತಂದದ್ದು ಒಂದು ಟ್ರಂಕು ಕಾಗದ. ಅಲ್ಲಿ ತಯಾರಾದ ಎಲ್ಲ ರೇಡಿಯೋ, ಟೇಪ್‌ರೆಕಾರ್ಡರುಗಳ ಸರ್ಕಿಟ್ ನಕ್ಷೆಗಳು ಅದರಲ್ಲಿದ್ದವು. ಹೆಂಡತಿ ಟ್ರಂಕು ತೆರೆದು ನೋಡಿದಳು, ಮುಚ್ಚಿದಳು, ಈದ್ ಬರುವವರೆಗೂ ಗಂಡನ ಜೊತೆ ಮಾತು ಬಿಟ್ಟಳು.

ಆಮೇಲೆ ಗೊತ್ತಾಯಿತು ಆ ಕಾಗದದ ಬೆಲೆ. ಕಾರ್ಖಾನೆಯವರು ಯಾವ ದೇಶದ ಬಿಡಿಭಾಗ ಸಿಕ್ಕರೆ ಅದನ್ನೇ ಹಾಕಿ ಸೆಟ್ಟು ಕಟ್ಟಿದ್ದರು, ಹಾಗಾಗಿ ಹೊರಗಿನ ಯಾವ ನಕ್ಷೆಯೂ ಹೊಂದುತ್ತಿರಲಿಲ್ಲ. ಸೆಟ್ಟಿನ ಹಿಂಬದಿಗೆ ಅಂಟಿಸಿದ್ದ ಹಾಳೆಗಳನ್ನು ಜಿರಲೆಗಳು ಎಂದೋ ತಿಂದು ಮುಗಿಸಿದ್ದವು. ಊರಿನ ರಿಪೇರಿಯವರೆಲ್ಲ ಅಜ್ಜನ ಜಗಲಿ ಹತ್ತಲೇಬೇಕಾಯಿತು.

ಅಜ್ಜ ಮೂಲ ನಕ್ಷೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ತಾನೇ ನಕಲು ಮಾಡಿ ಕೊಡುತ್ತಿದ್ದ. ಅದಕ್ಕೆ ದುಡ್ಡು ಕೇಳುತ್ತಿರಲಿಲ್ಲ, ಆದರೆ ಪ್ರತಿಯೊಂದು ನಕಲಿನಲ್ಲೂ ಬೇಕೆಂದೇ ಒಂದು ತಪ್ಪು ಇಡುತ್ತಿದ್ದ. ಸೆಟ್ಟು ಸುಡುವಂಥ ತಪ್ಪಲ್ಲ, ಅಷ್ಟು ಧರ್ಮ ಅವನಿಗಿತ್ತು. ಹಾಡಬೇಕಾದ ಸೆಟ್ಟು ಗೊರಗೊರ ಎನ್ನುವಂಥ ತಪ್ಪು. ಗೊರಗುಟ್ಟಿದ ಮೇಲೆ ರಿಪೇರಿಯವರು ಬೈದುಕೊಳ್ಳುತ್ತ ಮತ್ತೆ ಜಗಲಿಗೆ ಬರಬೇಕು. ಶುಂಠಿ ಹಾಕಿದ ಕಪ್ಪು ಕಾಫಿ ಕುಡಿಯಬೇಕು, ಶೇಂಗಾ ಚಿಕ್ಕಿ ಕಡಿಯಬೇಕು, ಕತ್ತಾಳೆ ತೋಟಗಳ ಕಾಲದ ಕಥೆ ಕೇಳಬೇಕು. ಆಮೇಲೆ ಅಜ್ಜ ಹಾಳೆಯ ಮೇಲೆ ಒಂದು ಕಡೆ ಬೆರಳಿಟ್ಟು, "ಅಯ್ಯೋ, ಕಣ್ಣು ಮಂಜು ನೋಡು" ಎನ್ನುತ್ತಿದ್ದ. ಅವನಿಗೆ ಮಸೀದಿಯ ಗೋಪುರದ ಮೇಲೆ ಕೂತ ಪಾರಿವಾಳ ಗಂಡೋ ಹೆಣ್ಣೋ ಎಂಬುದೂ ಕಾಣುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ತಪ್ಪುಗಳು ಇನ್ನೂ ಜಾಣತನದವಾದವು, ಕಥೆಗಳು ಇನ್ನೂ ಉದ್ದವಾದವು. ಯಾಕೆಂದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಾಲ ಕಳೆದಂತೆ ಅಗ್ಗದ ಹೊಸ ರೇಡಿಯೋಗಳು ಬಂದವು, ಫೋನುಗಳು ಬಂದವು. ಜಗಲಿಗೆ ಬರುವವರಲ್ಲಿ ಕೊನೆಗೆ ಉಳಿದವಳು ಸೌಮು ಒಬ್ಬಳೇ. ಸೈಕಲ್ ಅಂಗಡಿಯ ಪಕ್ಕದ ಸಂದಿಯಲ್ಲಿ ರಿಪೇರಿ ಮೇಜು ಇಟ್ಟುಕೊಂಡವಳು ಅವಳು. ಹೆಂಗಸು ಏನು ರಿಪೇರಿ ಮಾಡಿಯಾಳೆಂದು ಗಂಡಸರು ಮೊದಮೊದಲು ಇಸ್ತ್ರಿಪೆಟ್ಟಿಗೆ ಮಾತ್ರ ತರುತ್ತಿದ್ದರು. ಅವಳಿಗೆ ಮೊದಲ ನಕ್ಷೆ ಓದಲು ಕಲಿಸಿದವನೂ ಅಜ್ಜನೇ, ಅದರಲ್ಲಿ ಮೊದಲ ತಪ್ಪು ಇಟ್ಟವನೂ ಅಜ್ಜನೇ.

ಒಂದು ಶುಕ್ರವಾರ ಬೀ ನೂರು ಎಂಬಾಕೆ ತನ್ನ ಮರದ ಪೆಟ್ಟಿಗೆಯ ರೇಡಿಯೋ ಹೊತ್ತು ತಂದಳು. ಅವಳು ತೆಂಗಿನ ಹಾಲು ಹಾಕಿದ ಅಕ್ಕಿ ಪಡ್ಡು ಮಾರುವವಳು, ಸಾವಿನ ಮನೆಗಳಿಗೂ ಒದಗಿಸುವವಳು, ಅಜ್ಜನ ಗೋಡೆಯಾಚೆಯ ಮನೆಯವಳು.

"ರೇಡಿಯೋದಲ್ಲಿ ಸತ್ತವರ ಹೆಸರು ಓದೋ ಹೊತ್ಗೇ ಸರಿಯಾಗಿ ಕೆಟ್ಟೋಯ್ತು ಕಣೇ," ಎಂದಳು. "ಯಾರ ಮನೇಲಿ ಸಾವಾಗಿದೆ ಅಂತ ತಿಳೀದೆ ನಾಳೆಗೆ ಎಷ್ಟು ಅಕ್ಕಿ ನೆನೆಹಾಕ್ಲಿ?"

ಸೌಮು ಜಗಲಿಗೆ ಹೋದಳು. ಅಜ್ಜ ಇಳಿದುಹೋಗಿದ್ದ, ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಿತ್ತು. ಬಾಗಿಲ ಬಳಿ ಕಟ್ಟಿಟ್ಟ ಚೀಲ.

"ಎಲ್ಲಿಗೆ ಹೊರಟ್ರಿ ಅಜ್ಜಾ?"

"ದಾರ್ ಎಸ್ ಸಲಾಮ್‌ಗೆ. ಸೋಮವಾರ. ಹೊಟ್ಟೆ ಕೊಯ್ದು ನೋಡ್ತಾರಂತೆ."

"ವಾಪಸ್ಸು ಯಾವತ್ತು?"

"ಡಾಕ್ಟರು ಹೋಗೋ ದಿನ ಮಾತ್ರ ಹೇಳಿದ್ದಾನೆ," ಎಂದು ಅಜ್ಜ ಟ್ರಂಕು ತೆರೆದ. ಆ ದಿನ ಕಥೆ ಹೇಳಲಿಲ್ಲ. ನಕಲು ಮಾಡಿ ಕೊಟ್ಟ.

ಮೇಜಿನ ಬಳಿ ಸೌಮು ಅಭ್ಯಾಸದಂತೆ ಮೊದಲು ತಪ್ಪು ಹುಡುಕಿದಳು. ಅಜ್ಜನ ತಪ್ಪುಗಳ ವರಸೆ ಅವಳಿಗೆ ಬಾಯಿಪಾಠ: ಎಲ್ಲೋ ಒಂದು ಗೆರೆ ಬಿಡಿಭಾಗದ ಪಕ್ಕದ ಕಾಲಿಗೆ ಸೇರಿರುತ್ತದೆ, ಇಲ್ಲವೇ ಒಂದು ಸೊನ್ನೆ ಹೆಚ್ಚಾಗಿರುತ್ತದೆ. ಸಿಗಲಿಲ್ಲ. ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಸೆಟ್ಟಿನ ಜೊತೆ ತಾಳೆ ನೋಡಿದಳು. ಆಗಲೂ ಸಿಗಲಿಲ್ಲ. ಮುದುಕ ಈ ಸಲ ಭಾರಿ ಕಿಲಾಡಿ ಕೆಲಸ ಮಾಡಿದ್ದಾನೆಂದು ನಗುತ್ತಲೇ, ನಕ್ಷೆಯಲ್ಲಿ ಇದ್ದ ಹಾಗೆಯೇ ಬೆಸೆದು ಸ್ವಿಚ್ಚು ಹಾಕಿದಳು.

ರೇಡಿಯೋ ಸ್ಫುಟವಾಗಿ ಮಾತಾಡಿತು. ಗೊರಗೊರ ಇಲ್ಲ, ಏನೂ ಇಲ್ಲ.

ಸೌಮು ಬೆಸುಗೆ ಕಡ್ಡಿ ಕೆಳಗಿಟ್ಟಳು. ತಪ್ಪಿಲ್ಲದ ನಕ್ಷೆ ಕೊಟ್ಟನೆಂದರೆ ತಿರುಗಿ ಬರಬೇಡ ಎಂದ ಹಾಗೆ. ತಾನಿನ್ನು ಆ ಜಗಲಿಯ ಮೇಲೆ ಸಿಗುವುದಿಲ್ಲವೆಂದು ಮುದುಕ ತೀರ್ಮಾನ ಮಾಡಿಬಿಟ್ಟಿದ್ದ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನೀಲಿ ಪೆನ್ನು ತೆಗೆದುಕೊಂಡು ಹಾಳೆಯ ನಡುವೆ ನಲವತ್ತೇಳು ಎಂದಿದ್ದ ಕಡೆ ಒಂದು ಸೊನ್ನೆ ಸೇರಿಸಿದಳು. ಭಾನುವಾರ ಸೆಟ್ಟನ್ನು ಬೀ ನೂರುಗೆ ಒಪ್ಪಿಸಿ, ನೆಟ್ಟಗೆ ಪಕ್ಕದ ಜಗಲಿ ಹತ್ತಿದಳು.

"ನಿಮ್ಮ ನಕ್ಷೆ ತಪ್ಪು ಅಜ್ಜಾ. ಸೆಟ್ಟು ಗೊರಗೊರ ಅಂತಿದೆ."

"ಸಾಧ್ಯನೇ ಇಲ್ಲ." ಅಜ್ಜನಿಗೆ ರೋಷ ಬಂತು. "ತಿರುಗಾ ಮುರುಗಾ ನೋಡಿದ್ದೀನಿ. ಈ ಸಲ ತಪ್ಪು ಹಾಕಿಲ್ಲ."

ಹಾಕುತ್ತಿದ್ದೆ ಎಂದು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಒಪ್ಪಿಕೊಂಡಿರಲಿಲ್ಲ.

"ಯಾಕೆ ಹಾಕ್ಲಿಲ್ಲ?" ಎಂದಳು ಸೌಮು.

"ನೀನು ಕೇಳೋಕೆ ಬಂದಾಗ ಜಗಲಿ ಖಾಲಿ ಇದ್ರೆ? ಯಾರನ್ನ ಕೇಳ್ತೀಯಾ, ಬೆಕ್ಕನ್ನಾ?"

ಅವಳು ಹಾಳೆ ಬಿಡಿಸಿ ಅವನ ತೊಡೆಯ ಮೇಲಿಟ್ಟಳು. ಅಜ್ಜನ ಕಣ್ಣು ಹೋಗಬೇಕಾದ ಕಡೆಗೇ ಹೋಯಿತು. ಅವನ ಪೆನ್ಸಿಲ್ಲಿನ ಬೂದು ಅಂಕಿಗಳ ಪಕ್ಕದಲ್ಲಿ ಕೋಳಿಮೊಟ್ಟೆಯಂಥ ನೀಲಿ ಸೊನ್ನೆ ಕೂತಿತ್ತು.

ಅಷ್ಟರಲ್ಲಿ ಗೋಡೆಯಾಚೆಯಿಂದ ರೇಡಿಯೋ ದನಿ ಬಂತು. ಸತ್ತವರ ಹೆಸರು, ಊರು, ದಫನಿನ ಹೊತ್ತು, ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

"ಅದು ಯಾರ ಮನೆ ರೇಡಿಯೋ?" ಎಂದ ಅಜ್ಜ.

"ಯಾರದ್ದೋ."

"ಬೀ ನೂರು ಮನೇದು ಗೊರಗೊರ ಅಂತಿದೆ ಅಂದ್ಯಲ್ಲ."

"ಅಂತಿದೆ."

ಅಜ್ಜ ಹೆಸರುಗಳು ಮುಗಿಯುವವರೆಗೂ ಕಿವಿಗೊಟ್ಟು ಕೂತ. "ಇವತ್ತಂತೂ ನನ್ನ ಹೆಸರಿಲ್ಲ," ಎಂದು ಅವಳ ಲೋಟಕ್ಕೆ ಕಾಫಿ ಬಗ್ಗಿಸಿದ. ಆಮೇಲೆ ನೀಲಿ ಸೊನ್ನೆಯ ಮೇಲೆ ಬೆರಳಿಟ್ಟ. "ಅಯ್ಯೋ, ಕಣ್ಣು ಮಂಜು ನೋಡು."

ಪೆನ್ಸಿಲ್ಲು ಅವನ ಜೇಬಿನಲ್ಲೇ ಇತ್ತು. ಅವನು ತೆಗೆಯಲಿಲ್ಲ, ಅವಳೂ ಕೇಳಲಿಲ್ಲ.

"ವಾಪಸ್ಸು ಬಂದು ತಿದ್ದಿಕೊಡಿ," ಎಂದಳು ಸೌಮು. "ನಂಗೆ ಬೇರೆ ಯಾರೂ ಗೊತ್ತಿಲ್ಲ."

ಗೋಡೆಯಾಚೆ ಬೀ ನೂರು ರೇಡಿಯೋದ ದನಿ ಇನ್ನಷ್ಟು ಹೆಚ್ಚಿಸಿದಳು. ಈಗ ಹಾಡು ಶುರುವಾಗಿತ್ತು. ಅಜ್ಜ ಹಾಳೆಯನ್ನು ಮಡಿಸಿ, ಚೀಲದ ಗಂಟು ಬಿಚ್ಚಿ, ಬಟ್ಟೆಗಳ ನಡುವೆ ಇಟ್ಟ.

"ಪಾಪ, ತುಂಬಾನೇ ಗೊರಗೊರ ಅಂತಿದೆ," ಎಂದ, ಹಾಡಿನ ನಡುವೆಯೂ ಕೇಳಿಸಲೆಂದು ಕೂಗಿ. "ಬೇಗ ಬರ್ಬೇಕು."